ಸಂಬಳದ ಕೆಲಸ ಬಿಟ್ಟು ಅಪ್‌ವರ್ಕ್ ನಂಬಬಹುದೇ?

ಒಂದನೇ ತಾರೀಖಿಗೆ ಸಂಬಳ ಬೀಳುವ ಕೆಲಸ ಬಿಟ್ಟು ಮನಸ್ಸಿಗೆ ಹಿಡಿಸಿದ ಕೆಲಸ ಮಾಡಬೇಕು ಅಂತ ಹೊರಟವರು ಮೊದಲು ಅಕೌಂಟ್ ತೆರೆಯುವ ಜಾಗಗಳಲ್ಲಿ ಅಪ್‌ವರ್ಕ್ ಒಂದು. ಇಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಹಳೆಯ ತಾಣಗಳು ಒಂದಾಗಿ 2015ರಲ್ಲಿ ಈ ಹೆಸರು ಪಡೆದವು. ವಿದೇಶಿ ಕ್ಲೈಂಟ್ ಕೆಲಸ ಹಾಕುತ್ತಾರೆ, ನಾವು ಅರ್ಜಿ ಹಾಕುತ್ತೇವೆ, ದುಡ್ಡು ಡಾಲರಿನಲ್ಲಿ ಬರುತ್ತದೆ, ಕಂಪನಿ ಕಮಿಷನ್ ಹಿಡಿದುಕೊಳ್ಳುತ್ತದೆ. ವ್ಯವಸ್ಥೆ ಇಷ್ಟೇ. ತೀರ್ಪು ಮೊದಲೇ ಹೇಳಿಬಿಡೋಣ: ಸಂಬಳ ಬರುತ್ತಿರುವಾಗ ಎರಡನೇ ಆದಾಯಕ್ಕೆ ಇದು ಚೆನ್ನಾಗಿದೆ, ಐದಕ್ಕೆ ನಾಲ್ಕು ಅಂಕ ಕೊಡಬಹುದು. ರಾಜೀನಾಮೆ ಕೊಟ್ಟು ಮಾರನೇ ದಿನ ಶುರು ಮಾಡುವವರಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ದುಡ್ಡು ಹೋಗುವುದು ಮೊದಲು, ಬರುವುದು ಆಮೇಲೆ ಎಂಬುದೇ ಅದಕ್ಕೆ ಕಾರಣ.

ಹೋಗುವ ದುಡ್ಡಿನಿಂದಲೇ ಶುರು ಮಾಡೋಣ. ಅರ್ಜಿ ಹಾಕಲು ‘ಕನೆಕ್ಟ್’ ಎಂಬ ಟೋಕನ್‌ಗಳು ಬೇಕು, ಒಂದಕ್ಕೆ 0.15 ಡಾಲರ್. ತಿಂಗಳಿಗೆ ಪುಕ್ಕಟೆ ಸಿಗುವುದು ಹತ್ತು. ಒಂದೊಂದು ಕೆಲಸಕ್ಕೆ ಹತ್ತು, ಹದಿನೈದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕನೆಕ್ಟ್ ಕೇಳುತ್ತಾರೆ. ಅಂದರೆ ಪುಕ್ಕಟೆಯದ್ದು ಒಂದು ಅರ್ಜಿಗೇ ಮುಗಿಯಿತು. ಮೇಲಿನ ಸಾಲಿನಲ್ಲಿ ಕಾಣಿಸಿಕೊಳ್ಳಲು ಇನ್ನಷ್ಟು ಕನೆಕ್ಟ್ ಹರಾಜು ಕೂಗುವ ‘ಬೂಸ್ಟ್’ ಕೂಡ ಇದೆ. ಹೊಸಬರು ಅದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಹಳೆಯ ರಿವ್ಯೂ ಒಂದೂ ಇಲ್ಲದ ಪ್ರೊಫೈಲ್ ಮೊದಲನೆಯದಾಗಿ ಕಂಡರೂ ಕ್ಲೈಂಟ್ ಕೆಳಗಿನವರನ್ನೂ ನೋಡಿಯೇ ನೋಡುತ್ತಾರೆ. ಕ್ಲೈಂಟ್ ತಾವಾಗಿಯೇ ಕರೆದ ಕೆಲಸಕ್ಕೆ ಮಾತ್ರ ಕನೆಕ್ಟ್ ಖರ್ಚಾಗುವುದಿಲ್ಲ.

ಈಗ ಒಂದು ಲೆಕ್ಕ ಹಾಕಿ ನೋಡಿ. ಮೊದಲ ಕೆಲಸ 200 ಡಾಲರಿನದ್ದು ಅಂದುಕೊಳ್ಳೋಣ. ಕಮಿಷನ್ ಮೊದಲು ಎಲ್ಲರಿಗೂ ಶೇ 10 ಇತ್ತು, 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ ಸೊನ್ನೆಯಿಂದ ಶೇ 15ರವರೆಗೆ, ಕೆಲಸಕ್ಕೆ ತಕ್ಕ ಹಾಗೆ. ಅರ್ಜಿ ಹಾಕುವಾಗಲೇ ಎಷ್ಟೆಂದು ಕಾಣುತ್ತದೆ. ಶೇ 10 ಹಿಡಿದರೆ 20 ಡಾಲರ್ ಹೋಯಿತು. ನಿಮ್ಮ ಹತ್ತಿರ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಆ ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, 3.60. ಇಡೀ 200ರ ಮೇಲೆ ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಶೇ 0.1, ಅಂದರೆ 20 ಸೆಂಟ್. ಬ್ಯಾಂಕಿಗೆ ಕಳಿಸಲು 0.99. ಉಳಿದದ್ದು 175.21. ಈ ಕೆಲಸ ಸಿಗುವವರೆಗೆ ಹದಿನೈದು ಕನೆಕ್ಟ್‌ನ ಇಪ್ಪತ್ತು ಅರ್ಜಿ ಹಾಕಿದ್ದರೆ ಜಿಎಸ್‌ಟಿ ಸೇರಿ ಇನ್ನೂ 53.10 ಕಳೆಯಿರಿ. ಕೈಗೆ ಬಂದದ್ದು 122 ಡಾಲರ್. ಇದರ ಮೇಲೆ ರೂಪಾಯಿಗೆ ಬದಲಿಸುವ ದರ ಗೂಗಲ್ ತೋರಿಸುವ ದರಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಎರಡನೇ, ಮೂರನೇ ಕೆಲಸ ಅದೇ ಕ್ಲೈಂಟ್‌ನಿಂದ ಬಂದರೆ ಕನೆಕ್ಟ್ ಖರ್ಚಿಲ್ಲ. ಹಾಗಾಗಿ ಇಲ್ಲಿ ಗಿಟ್ಟುವುದು ಬಂದ ಕ್ಲೈಂಟನ್ನು ಉಳಿಸಿಕೊಂಡವರಿಗೇ ಹೊರತು ದಿನಾ ಹೊಸ ಅರ್ಜಿ ಹಾಕುವವರಿಗಲ್ಲ.

ಪ್ಯಾನ್ ವಿವರವನ್ನು ಮೊದಲ ದಿನವೇ ತುಂಬಿ. ಪ್ಯಾನ್ ಇಲ್ಲದಿದ್ದರೆ ಟಿಡಿಎಸ್ ಶೇ 0.1ರ ಬದಲು ಶೇ 5. ರಿಟರ್ನ್ಸ್‌ನಲ್ಲಿ ವಾಪಸ್ ಕೇಳೋಣ ಅಂದರೆ ಪ್ಯಾನ್‌ಗೆ ಜೋಡಣೆಯಾಗದ ಕಡಿತ, ನಿಮ್ಮ ಹೆಸರಿನ ತೆರಿಗೆ ಕಡಿತಗಳ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸುವುದೇ ಇಲ್ಲ.

ಇನ್ನು ದುಡ್ಡು ಬರುವ ದಾರಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಗಂಟೆ ಲೆಕ್ಕದ ಕೆಲಸದಲ್ಲಿ ವಾರ ಸೋಮವಾರದಿಂದ ಭಾನುವಾರದವರೆಗೆ. ಆ ವಾರ ಮುಗಿದ ಹತ್ತು ದಿನಕ್ಕೆ ಹಣ ತೆಗೆಯಲು ಸಿಗುತ್ತದೆ. ಒಂದನೇ ತಾರೀಖು ಸೋಮವಾರ ಬೆಳಿಗ್ಗೆ ಮಾಡಿದ ಕೆಲಸದ ದುಡ್ಡು ಹದಿನೇಳಕ್ಕೆ. ಇಡೀ ಕೆಲಸಕ್ಕೆ ಇಷ್ಟು ಎಂದು ಮೊದಲೇ ಗೊತ್ತು ಮಾಡುವ ‘ಫಿಕ್ಸೆಡ್ ಪ್ರೈಸ್’ ಕೆಲಸದಲ್ಲಿ ಕ್ಲೈಂಟ್ ಮುಂಚಿತವಾಗಿ ಹಣವನ್ನು ಎಸ್ಕ್ರೋದಲ್ಲಿ, ಅಂದರೆ ಕೆಲಸ ಒಪ್ಪುವವರೆಗೆ ಹಣ ಮಧ್ಯದಲ್ಲಿ ಹಿಡಿದಿಡುವ ಖಾತೆಯಲ್ಲಿ, ಇಡಬೇಕು, ನೀವು ಕೆಲಸ ಒಪ್ಪಿಸಿದ ಮೇಲೆ ಒಪ್ಪಲು ಅವರಿಗೆ 14 ದಿನ. ಸುಮ್ಮನಿದ್ದರೆ 14 ದಿನಕ್ಕೆ ತಾನಾಗಿಯೇ ಬಿಡುಗಡೆಯಾಗುತ್ತದೆ, ಆಮೇಲೆ ಇನ್ನೈದು ದಿನ ತಡೆ. ಆದರೆ ಈ 14 ದಿನದ ಗಡಿಯಾರ ಓಡಲು ಶುರುವಾಗುವುದು ‘ಸಬ್ಮಿಟ್ ವರ್ಕ್ ಫಾರ್ ಪೇಮೆಂಟ್’ ಗುಂಡಿ ಒತ್ತಿದಾಗ ಮಾತ್ರ. ಫೈಲನ್ನು ಚಾಟ್‌ನಲ್ಲಿ ಕಳಿಸಿ, ಕ್ಲೈಂಟ್ ‘ಥ್ಯಾಂಕ್ಯೂ, ಲುಕ್ಸ್ ಗ್ರೇಟ್’ ಅಂದರು ಅಂತ ಖುಷಿಯಲ್ಲಿ ಕೂತರೆ ಗಡಿಯಾರ ಓಡುವುದೇ ಇಲ್ಲ. ಹಾಗೆಯೇ ಮೈಲ್‌ಸ್ಟೋನ್ (ಕೆಲಸದ ಒಂದು ಹಂತ) ಎದುರು ‘ಫಂಡೆಡ್’, ಅಂದರೆ ಹಣ ಇಟ್ಟಾಗಿದೆ, ಎಂದು ಕಾಣುವ ಮುನ್ನ ಒಂದು ಸಾಲೂ ಬರೆಯಬಾರದು. ‘ನೀವು ಶುರು ಮಾಡಿ, ಸಂಜೆ ಹಾಕ್ತೀನಿ’ ಎನ್ನುವ ಕ್ಲೈಂಟ್‌ಗೆ ಸಂಜೆಯೇ ಶುರು ಮಾಡ್ತೀನಿ ಅನ್ನಿ, ತಪ್ಪೇನಿಲ್ಲ.

ಗಂಟೆ ಲೆಕ್ಕದ ಕೆಲಸಕ್ಕೆ ಹಣದ ಭದ್ರತೆ ಬೇಕಾದರೆ ಕಂಪ್ಯೂಟರಿನಲ್ಲಿ ಟ್ರ್ಯಾಕರ್ ಓಡಬೇಕು. ಅದು ಪ್ರತಿ ಹತ್ತು ನಿಮಿಷದ ಅವಧಿಯಲ್ಲಿ ಗೊತ್ತಾಗದ ಹೊತ್ತಿಗೆ ಒಂದು ಸ್ಕ್ರೀನ್‌ಶಾಟ್ ತೆಗೆಯುತ್ತದೆ, ಗಂಟೆಗೆ ಆರು. ಕೀಬೋರ್ಡ್, ಮೌಸ್ ಎಷ್ಟು ಅಲ್ಲಾಡಿತು ಎಂದೂ ಎಣಿಸುತ್ತದೆ. ಏನು ಕೆಲಸ ಮಾಡಿದಿರಿ ಎಂಬ ಟಿಪ್ಪಣಿ (ಮೆಮೊ) ಬರೆಯದ ಅವಧಿ, ಕೈಯಾರೆ ಸೇರಿಸಿದ ಗಂಟೆಗಳಿಗೆ ಭದ್ರತೆಯಿಲ್ಲ. ಕ್ಲೈಂಟ್ ತಕರಾರು ತೆಗೆದರೆ ಹೋಯಿತು. ಯೋಚನೆ ಮಾಡುತ್ತಾ ಹಾಳೆಯ ಮೇಲೆ ಚಿತ್ರ ಗೀಚುವ ಡಿಸೈನರ್‌ಗೆ ಇದು ಭಾರೀ ಕಿರಿಕಿರಿ, ಅಂಥವರು ಫಿಕ್ಸೆಡ್ ಪ್ರೈಸ್ ಹಿಡಿಯುವುದು ವಾಸಿ. ಬಾಸ್ ಕಾಟ ತಪ್ಪಲಿ ಅಂತ ಕೆಲಸ ಬಿಟ್ಟವರು ಈ ಸಂಗತಿಯನ್ನು ಮೊದಲೇ ತಿಳಿದಿರಬೇಕು: ಆಫೀಸಿನಲ್ಲಿ ಯಾವ ಮ್ಯಾನೇಜರೂ ಹತ್ತು ನಿಮಿಷಕ್ಕೊಮ್ಮೆ ಬಂದು ಸ್ಕ್ರೀನ್ ಇಣುಕುವುದಿಲ್ಲ, ಇಲ್ಲಿ ಟ್ರ್ಯಾಕರ್ ಇಣುಕುತ್ತದೆ.

ಹೊತ್ತಿನದ್ದೂ ಅದೇ ಕಥೆ. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಅಂದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕೆಲಸ ಹಾಕಿದ ಮೊದಲ ಗಂಟೆಯಲ್ಲಿ ಬಂದ ಅರ್ಜಿಗೆ ಬೆಲೆ ಹೆಚ್ಚು, ಆದ್ದರಿಂದ ರಾತ್ರಿ ಎಂಟರಿಂದ ಹನ್ನೊಂದು ಕೂರಲೇಬೇಕು. ಹಗಲು ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲವೇ. ಯೂರೋಪಿನ ಕ್ಲೈಂಟ್ ಸಿಕ್ಕರೆ ಮಧ್ಯಾಹ್ನಕ್ಕೇ ಕೆಲಸ ಶುರುವಾಗಿ ರಾತ್ರಿ ನಿದ್ದೆ ಉಳಿಯುತ್ತದೆ.

ಮೋಸಗಳು ಎಲ್ಲಕ್ಕೂ ಒಂದೇ ಅಚ್ಚು. ಮೊದಲ ಸಂದೇಶದಲ್ಲೇ ಟೆಲಿಗ್ರಾಂಗೆ ಬಾ ಅನ್ನುವವರು, ‘ಸೆಕ್ಯೂರಿಟಿ ಡಿಪಾಸಿಟ್’ ಕೇಳುವವರು, ಪೇಮೆಂಟ್ ವೆರಿಫೈ ಆಗದೆ ಭಾರೀ ಬಜೆಟ್ ಬರೆದವರು, ಇವರ ಹತ್ತಿರ ಸುಳಿಯಬೇಡಿ. ‘ನಿಮ್ಮ ಅಕೌಂಟ್ ಬಾಡಿಗೆಗೆ ಕೊಡಿ, ತಿಂಗಳಿಗೆ ಇಷ್ಟು ಕೊಡ್ತೀವಿ’ ಎಂಬ ಮಾತಿಗೆ ಮರುಳಾದರೆ ಅಕೌಂಟ್ ಶಾಶ್ವತವಾಗಿ ಮುಚ್ಚುವ ಅಪಾಯವಷ್ಟೇ ಅಲ್ಲ, ಆ ಹಣ ನಿಮ್ಮ ಪ್ಯಾನ್ ಮೇಲೆ ಕೂರುತ್ತದೆ. ಇಲ್ಲಿ ಸಿಕ್ಕ ಕ್ಲೈಂಟ್ ಜೊತೆ ಎರಡು ವರ್ಷ ಹೊರಗಡೆ ವ್ಯವಹಾರ ಮಾಡುವಂತಿಲ್ಲ ಎಂಬ ಷರತ್ತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹೊರಗೆ ಹೋಗಲೇಬೇಕೆಂದರೆ ಶುಲ್ಕ ಕಟ್ಟಿ ಹೋಗುವ ದಾರಿಯಿದೆ.

ತೆರಿಗೆ ವಿಷಯದಲ್ಲಿ ಮಾತ್ರ ಸ್ವತಂತ್ರ ಕೆಲಸಗಾರನಿಗೆ ಸಂಬಳದವರಿಗಿಂತ ಲಾಭ. ಹಳೆಯ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ನಂಬರಿನಿಂದ ಲೆಕ್ಕಿಗರು ಇಂದಿಗೂ 44ಎಡಿಎ ಎಂದೇ ಕರೆಯುವ ಸೌಲಭ್ಯದಲ್ಲಿ ಎಂಜಿನಿಯರ್, ಐಟಿ, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸದಂಥ ವೃತ್ತಿಯವರು ಒಟ್ಟು ಆದಾಯದ ಅರ್ಧವನ್ನೇ ಲಾಭವೆಂದು ತೋರಿಸಬಹುದು. ಖರ್ಚಿನ ರಸೀದಿ ಜೋಡಿಸುವ ಕೆಲಸವಿಲ್ಲ. ವರ್ಷಕ್ಕೆ 24 ಲಕ್ಷ ಬಂದರೆ ತೆರಿಗೆ ಲೆಕ್ಕಕ್ಕೆ 12 ಲಕ್ಷ, 2025–26ರಿಂದ ಹೊಸ ಪದ್ಧತಿಯಲ್ಲಿ ಅಷ್ಟಕ್ಕೆ ತೆರಿಗೆ ಸೊನ್ನೆ. ತೆರಿಗೆ ಬರುವಷ್ಟು ಆದಾಯವಿದ್ದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರಾಯಿತು. ಅನುವಾದಕರು, ಲೇಖಕರು, ಗ್ರಾಫಿಕ್ ಡಿಸೈನರುಗಳು ಆ ಪಟ್ಟಿಯಲ್ಲಿ ನೇರವಾಗಿ ಬರುವುದಿಲ್ಲ. ಯೂಟ್ಯೂಬ್ ನೋಡಿ ತುಂಬುವ ಬದಲು ಆಡಿಟರ್‌ಗೆ ಒಂದಿಷ್ಟು ಫೀ ಕೊಟ್ಟು ಕೇಳಿ. ಜಿಎಸ್‌ಟಿ ನೋಂದಣಿ ಬೇಕಾಗುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದ ಮೇಲೆ. ಆಗ ಪ್ರತಿ ಹಣಕಾಸು ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ರಫ್ತಿನ (ವಿದೇಶಿ ಕ್ಲೈಂಟ್‌ಗೆ ಮಾಡಿದ ಕೆಲಸದ) ಮೇಲೆ ಜಿಎಸ್‌ಟಿ ಕಟ್ಟಬೇಕಿಲ್ಲ. ಹೊರದೇಶದ ಹಣ ಬಂದದ್ದಕ್ಕೆ ದಾಖಲೆಯಾಗಿ ಬ್ಯಾಂಕಿನಿಂದ ಎಫ್‌ಐಆರ್‌ಎ ಎಂಬ ಪತ್ರ ಕೇಳಿ ಇಟ್ಟುಕೊಳ್ಳಿ, ಮೂರು ವರ್ಷ ಬಿಟ್ಟು ಕೇಳಿದರೆ ಕೌಂಟರಿನಿಂದ ಕೌಂಟರಿಗೆ ಅಲೆಸುತ್ತಾರೆ.

ಈ ತೆರಿಗೆ ಉಳಿತಾಯ ನೋಡಿ ಮರುಳಾಗುವ ಮುನ್ನ ಪೇಸ್ಲಿಪ್ಪಿನಲ್ಲಿ ಕಣ್ಣಿಗೆ ಬೀಳದ ಸಾಲುಗಳನ್ನೂ ಓದಿ. ಮೂಲ ವೇತನದ ಶೇ 12ರಷ್ಟು ಮಾಲೀಕರ ಪಾಲು ಪಿಎಫ್‌ಗೆ ಹೋಗುತ್ತಿತ್ತು, ಅದು ನಿಲ್ಲುತ್ತದೆ. ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿಯಿದ್ದರೆ ತಾಳಿ: ಮೂಲ ವೇತನ 30,000 ಇದ್ದವರಿಗೆ ಐದು ವರ್ಷದ ಗ್ರಾಚ್ಯುಟಿ ಸುಮಾರು 86,500 ರೂಪಾಯಿ. ಪಿಎಫ್ ಹಣವನ್ನೂ ಐದು ವರ್ಷದ ಸೇವೆಗೆ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ, ಅಪ್ಪ ಅಮ್ಮನ ಹೆಸರೂ ಅದರಲ್ಲೇ ಇದ್ದರೆ ಅವರದ್ದೂ ಹೋಯಿತು. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು, ಹಾಗಾಗಿ ನೌಕರಿಯಲ್ಲಿರುವಾಗಲೇ ಕೊಂಡರೆ ಆ ಅವಧಿ ಅಲ್ಲೇ ಸವೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ. ಮನೆ ಸಾಲ ತೆಗೆಯುವ ಯೋಚನೆ ಇದ್ದರೆ ಅದೂ ಮೊದಲೇ ಆಗಲಿ. ಸ್ವಂತ ಉದ್ಯೋಗದವರಿಗೆ ಬ್ಯಾಂಕು ಎರಡು-ಮೂರು ವರ್ಷದ ರಿಟರ್ನ್ಸ್ ಕೇಳುತ್ತದೆ.

ನೌಕರಿ ಬಿಡದೆ ಅಪ್‌ವರ್ಕ್ ಮಾಡುವವರು ನೇಮಕಾತಿ ಪತ್ರದ ಷರತ್ತನ್ನು ಒಮ್ಮೆ ತೆರೆದು ಓದಿ. ಪ್ರತಿಸ್ಪರ್ಧಿ ಕಂಪನಿಗಳಿಗೆ ಕೆಲಸ ಮಾಡುತ್ತಿದ್ದರೆಂದು ವಿಪ್ರೊ 2022ರಲ್ಲಿ 300 ಜನರನ್ನು ಮನೆಗೆ ಕಳಿಸಿದ್ದು ಗೊತ್ತಿದೆಯಲ್ಲ. ಅದೇ ವರ್ಷ ಸ್ವಿಗ್ಗಿ ಅನುಮತಿ ಪಡೆದು ಎರಡನೇ ಕೆಲಸ ಮಾಡಬಹುದು ಎಂದಿತ್ತು. ನಿಮ್ಮ ಎಚ್‌ಆರ್ ಯಾವ ಕಡೆ ಎಂದು ಲಿಖಿತವಾಗಿ ಕೇಳಿ, ಆಫೀಸ್ ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕರ್ ಹಾಕುವ ಸಾಹಸ ಬೇಡ. ರಾಜ್ಯ ಸರ್ಕಾರಿ ನೌಕರರಿಗೆ 2021ರ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ಖಾಸಗಿ ಉದ್ಯೋಗ ನಿಷಿದ್ಧ. ಕೆಎಎಸ್, ಪಿಡಿಒ ಪರೀಕ್ಷೆಗೆ ಓದುತ್ತಾ ಕೈಖರ್ಚಿಗೆ ಇದನ್ನು ಮಾಡುತ್ತಿರುವವರು ಆದೇಶ ಪತ್ರ ಬಂದ ದಿನ ಕಾಂಟ್ರಾಕ್ಟ್‌ಗಳನ್ನು ಮುಗಿಸಬೇಕು.

ಯಾವ ಕೆಲಸಕ್ಕೆ ಗಿರಾಕಿ ಇದೆ? ವೆಬ್ ಮತ್ತು ಆ್ಯಪ್ ಅಭಿವೃದ್ಧಿ, ಆಟೊಮೇಷನ್, ವಿಡಿಯೊ ಎಡಿಟಿಂಗ್, ಬುಕ್‌ಕೀಪಿಂಗ್ ಇವಕ್ಕೆ ದರ ಚೆನ್ನಾಗಿದೆ. ಸಣ್ಣಪುಟ್ಟ ಬ್ಲಾಗ್ ಬರಹದ ಕೆಲಸ ಎಐ ಬಂದ ಮೇಲೆ ಸೊರಗಿದೆ. ಕನ್ನಡದ ಅನುವಾದ, ಸಬ್‌ಟೈಟಲ್, ಧ್ವನಿ ಮುದ್ರಣದ ಕೆಲಸಗಳು ಬರುತ್ತವೆ, ಆದರೆ ತುಂಬ ವಿರಳ. ಬರೀ ಅದನ್ನೇ ನಂಬಿ ಬಾಡಿಗೆ ಕಟ್ಟಲು ಆಗದು. ಪ್ರೊಫೈಲಿನಲ್ಲಿ ‘ಎಲ್ಲ ಬಗೆಯ ಕೆಲಸ ಮಾಡುತ್ತೇನೆ’ ಎಂದು ಬರೆದವರಿಗೆ ಯಾವ ಕೆಲಸವೂ ಸಿಗದು. ‘ಶಾಪಿಫೈ ಆನ್‌ಲೈನ್ ಅಂಗಡಿಗಳ ವೇಗ ಹೆಚ್ಚಿಸುತ್ತೇನೆ’ ಎಂದು ಒಂದೇ ಸಾಲು ಬರೆದು, ಮೊದಲು-ಆಮೇಲೆ ಎಂದು ಎರಡು ಚಿತ್ರ ಹಾಕಿದರೆ ಸಾಕು. ಅರ್ಜಿಯ ಮೊದಲೆರಡು ಸಾಲು ಮಾತ್ರ ಪಟ್ಟಿಯಲ್ಲಿ ಕ್ಲೈಂಟ್‌ಗೆ ಕಾಣುವುದು. ಅಲ್ಲಿ ‘ಡಿಯರ್ ಸರ್’ ಎಂದು ಶುರು ಮಾಡಿ ಜಾಗ ಹಾಳು ಮಾಡಬೇಡಿ, ಅವರ ಸಮಸ್ಯೆಗೆ ನಿಮ್ಮ ಉತ್ತರ ಬರೆಯಿರಿ.

ರಾಜೀನಾಮೆ ಯಾವಾಗ ಎಂದು ಕೇಳುವವರಿಗೆ ನಮ್ಮ ಅಳತೆ ಇದು. ತಾವಾಗಿ ಮತ್ತೆ ಕೆಲಸ ಕೊಡುವ ಕ್ಲೈಂಟ್‌ಗಳು ಕನಿಷ್ಠ ಮೂವರು ಇರಬೇಕು, ಅವರಲ್ಲಿ ಯಾರೊಬ್ಬರ ಪಾಲೂ ಒಟ್ಟು ಆದಾಯದ ಅರ್ಧ ಮೀರಬಾರದು. ಕಮಿಷನ್, ತೆರಿಗೆ, ವಿಮೆ ಎಲ್ಲ ಕಳೆದ ಮೇಲೆ ಆರು ತಿಂಗಳು ಸತತವಾಗಿ ಈಗಿನ ಕೈಗೆ ಬರುವ ಸಂಬಳದ ಮುಕ್ಕಾಲು ಪಾಲು ಬಂದಿರಬೇಕು, ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿರಬೇಕು. ಇಷ್ಟಾದ ಮೇಲೂ ನೋಟಿಸ್ ಪೀರಿಯಡ್ ಶುರುವಾಗುವ ತಿಂಗಳಲ್ಲಿ ಹೊಸ ಕ್ಲೈಂಟ್ ಒಪ್ಪಿಕೊಳ್ಳಬೇಡಿ. ಹ್ಯಾಂಡ್‌ಓವರ್ ಗಲಾಟೆಯಲ್ಲಿ ಗಡುವು ತಪ್ಪಿ ಬಿದ್ದ ಒಂದು ಕೆಟ್ಟ ರೇಟಿಂಗ್, ನಿಮ್ಮ ಕೆಲಸಗಳಿಗೆ ಅಪ್‌ವರ್ಕ್ ಕೊಡುವ ಅಂಕವಾದ ‘ಜಾಬ್ ಸಕ್ಸೆಸ್ ಸ್ಕೋರ್’ನಿಂದ ಬೇಗ ಅಳಿಯುವುದಿಲ್ಲ.