ಮಾಡೆಲ್ ವಿಮಾನದ ಇಂಜಿನ್‌ಗೆ ಯಾವ ಬೋಲ್ಟ್ ಹಾಕಬೇಕು? ನಾಲ್ಕು ಬಗೆ ಹಾಕಿ ನೋಡಿದ್ದೇನೆ

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ. ವಿಮಾನ ಮೇಲಿತ್ತು. ಇದ್ದಕ್ಕಿದ್ದಂತೆ ಇಂಜಿನ್ ಸದ್ದು ಒಡಕಾಯಿತು. ಥ್ರಾಟಲ್ ಕಡಿಮೆ ಮಾಡಿ ಹೇಗೋ ಕೆಳಗಿಳಿಸಿ ನೋಡಿದರೆ, ಇಂಜಿನ್ ಹಿಡಿದಿದ್ದ ನಾಲ್ಕು ಸ್ಕ್ರೂಗಳಲ್ಲಿ ಒಂದು ಇರಲೇ ಇಲ್ಲ, ಇನ್ನೊಂದು ಬೆರಳಲ್ಲೇ ತಿರುಗುತ್ತಿತ್ತು. ತಿರುಗುವ ಪ್ರೊಪೆಲ್ಲರ್ ಸಮೇತ ಇಂಜಿನ್ ಕಳಚಿ ಬಿದ್ದಿದ್ದರೆ? ಕೆಳಗೆ ಬಯಲಿನ ಅಂಚಿನಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅವತ್ತೇ ತೀರ್ಮಾನ ಮಾಡಿದೆ, ಸಿಕ್ಕಿದ್ದನ್ನು ಹಾಕುವುದು ಬಿಟ್ಟು ಒಂದೊಂದು ಬಗೆಯನ್ನೂ ಹಾಕಿ ನೋಡಿಯೇ ಆರಿಸಬೇಕು ಅಂತ.

ನನ್ನದು .46 (ಘನ ಇಂಚು) ಗ್ಲೋ ಇಂಜಿನ್, ಅಂದರೆ ಸುಮಾರು 7.5 ಸಿಸಿ, ಟೂ ಸ್ಟ್ರೋಕ್. ಇಂಧನ ಮೆಥನಾಲ್, ಅದರಲ್ಲಿ ಕ್ಯಾಸ್ಟರ್ ಎಣ್ಣೆ ಬೆರೆಸಿರುತ್ತದೆ. ಮುಂದೆ 11x6 ಇಂಚಿನ ಪ್ರೊಪೆಲ್ಲರ್. ಇಂಜಿನ್ ಹಿಡಿದಿಡುವುದು ಗ್ಲಾಸ್ ಫೈಬರ್ ಬೆರೆಸಿದ ನೈಲಾನ್ ಮೌಂಟ್, ಅದರ ಎರಡು ತೋಳಿನ ಮೇಲೆ ಇಂಜಿನ್‌ನ ಎರಡೂ ಪಕ್ಕದ ಕಿವಿಗಳು ಕೂರುತ್ತವೆ. ಇಂಥ ಇಂಜಿನ್ 12,000 ಆರ್‌ಪಿಎಂನಲ್ಲಿ ಓಡಿದರೆ ಸೆಕೆಂಡಿಗೆ 200 ಸಲ ಉರಿಯುತ್ತದೆ. ಹತ್ತು ನಿಮಿಷ ಹಾರಿಸಿದರೆ 1,20,000 ಏಟು. ಅಷ್ಟನ್ನೂ ತಡೆಯುವುದು ನಾಲ್ಕೇ ನಾಲ್ಕು ಬೋಲ್ಟ್.

ಹೋಲಿಸಿದ್ದು ಹೀಗೆ. ಅದೇ ವಿಮಾನ, ಅದೇ ಇಂಜಿನ್, ಅದೇ ಪ್ರೊಪೆಲ್ಲರ್. ಪ್ರತಿ ಬೋಲ್ಟ್ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಇಂಜಿನ್ ಕಿವಿಯ ತನಕ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದೆ. ಬೋಲ್ಟ್ ಒಂದು ಚೂರು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಮೊದಲು ಮೌಂಟ್ ಜೊತೆ ಪ್ಯಾಕೆಟ್‌ನಲ್ಲೇ ಬಂದ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ, ಅಂದರೆ ತನ್ನ ಥ್ರೆಡ್ ತಾನೇ ಕೊರೆದುಕೊಂಡು ಹೋಗುವಂಥದ್ದು. ಮೇಲೆ ಹೇಳಿದ ಘಟನೆ ಆದದ್ದು ಇದರಲ್ಲೇ. ಹೊಸ ಮೌಂಟ್‌ಗೆ ಮೊದಲ ಸಲ ಹಾಕಿದಾಗ ಎಷ್ಟು ಬಿಗಿಯಾಗಿ ಕಚ್ಚುತ್ತದೆ ಅಂದರೆ, ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಗ್ಲೋ ಇಂಜಿನ್ ಅಂದ ಮೇಲೆ ಬಿಚ್ಚಲೇಬೇಕು, ಬೇರಿಂಗ್ ನೋಡಬೇಕು, ಟ್ಯಾಂಕ್ ಪೈಪ್ ಬದಲಿಸಬೇಕು. ಒಂದೊಂದು ಸಲ ಬಿಚ್ಚಿ ಹಾಕಿದಾಗಲೂ ಸ್ಕ್ರೂ ನೈಲಾನನ್ನು ಹೊಸದಾಗಿ ಕೊರೆಯುತ್ತದೆ. ಮೂರನೇ ಸಲಕ್ಕೆ ಥ್ರೆಡ್ ಹೋಗಿರುತ್ತದೆ. ಮತ್ತೆ ಹಾಕಿ ನೋಡಿದೆ, ಆರು ಹಾರಾಟಕ್ಕೆ ಎರಡು ಗೆರೆ ಮುರಿದವು. ಇದನ್ನು ಬಿಟ್ಟುಬಿಡಿ.

ಎರಡನೆಯದು ಎಂ3 (3 ಎಂಎಂ ದಪ್ಪ) ಪ್ಲಸ್ ತಲೆಯ ಸ್ಕ್ರೂ, ಕೆಳಗೆ ನೈಲಾಕ್ ನಟ್, ಅಂದರೆ ಬಿಚ್ಚಿಕೊಳ್ಳದಂತೆ ಒಳಗೆ ನೈಲಾನ್ ಉಂಗುರ ಇರುವ ನಟ್. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಯಾವ ಅಂಗಡಿಗೆ ಹೋದರೂ ಸಿಗುತ್ತದೆ, ದುಡ್ಡೂ ಜಾಸ್ತಿ ಇಲ್ಲ. ಹಾಗಾಗಿ ತುಂಬ ಜನ ಇದನ್ನೇ ಹಾಕಿರುತ್ತಾರೆ. ತೊಂದರೆ ಏನೆಂದರೆ, ನನ್ನ ಇಂಜಿನ್ ಕಿವಿಯ ತೂತಿಗೆ 3.5 ಎಂಎಂ ಬೋಲ್ಟ್ ಸರಿಯಾಗಿ ಕೂರುತ್ತದೆ, 4 ಎಂಎಂ ಒಳಗೇ ಹೋಗುವುದಿಲ್ಲ, 3 ಎಂಎಂ ಹಾಕಿದರೆ ಸುತ್ತ ಜಾಗ ಉಳಿಯುತ್ತದೆ. ಬೋಲ್ಟ್ ಲೂಸ್ ಆಗುವುದು ಬಹುಮಟ್ಟಿಗೆ ಹೀಗೇ. ಮೇಲೆ ಕೆಳಗೆ ಎಳೆದಾಡಿದ್ದಕ್ಕಿಂತ ಅಡ್ಡಡ್ಡ ಜಾರಿದಾಗ ಬೇಗ ಬಿಚ್ಚಿಕೊಳ್ಳುತ್ತದೆ. ಗೆರ್ಹಾರ್ಡ್ ಯುಂಕರ್ ಅನ್ನುವ ಜರ್ಮನ್ ಇಂಜಿನಿಯರ್ 1969ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ನನ್ನ ಇಂಜಿನ್‌ನಲ್ಲೂ ಅದೇ ಕಂಡಿತು. ನೈಲಾಕ್ ಇದ್ದದ್ದರಿಂದ ನಟ್ ಬೀಳಲಿಲ್ಲ, ಆದರೆ ಇಂಜಿನ್ ಅಲುಗಿತು. ಹತ್ತು ಹಾರಾಟ ಆದ ಮೇಲೆ ಬಿಚ್ಚಿ ನೋಡಿದರೆ ಕಿವಿಯ ತೂತಿನ ಒಳಗೆ ಬೋಲ್ಟ್ ಥ್ರೆಡ್‌ನ ಅಚ್ಚು ಮೂಡಿತ್ತು. ಬೋಲ್ಟ್ ಹೋದರೆ ಇನ್ನೊಂದು ತರಬಹುದು, ಕ್ರ್ಯಾಂಕ್‌ಕೇಸ್ ಕಿವಿ ಸವೆದರೆ ಏನು ಮಾಡುವುದು? ಮೇಲಾಗಿ ಈ ಪ್ಲಸ್ ತಲೆ. ಕ್ಯಾಸ್ಟರ್ ಎಣ್ಣೆ ಸುಟ್ಟು ಅಂಟಿಕೊಂಡ ಮೇಲೆ ಸ್ಕ್ರೂಡ್ರೈವರ್ ಜಾರಿ ಜಾರಿ ತಲೆ ಗುಂಡಾಗಿಬಿಡುತ್ತದೆ.

ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್ ಅಲೆನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವಂಥದ್ದು), ಅದೂ ಎಂ3, ಎಸ್.ಎಸ್. ನೈಲಾಕ್ ಜೊತೆ. ನೋಡಲು ಚೆನ್ನ. ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಅಲ್ವಾ, ಹಾಗಾಗಿ ಮಂಗಳೂರು, ಕಾರವಾರದ ಕಡೆ ಹಾರಿಸುವವರಿಗೆ ಈ ಗುಣ ನಿಜಕ್ಕೂ ಬೆಲೆಯುಳ್ಳದ್ದು. ಅಲೆನ್ ತಲೆಯಾದ್ದರಿಂದ ಕೀ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ತೂತಿನಲ್ಲಿ ಜಾಗ ಉಳಿಯುವ ಸಮಸ್ಯೆ ಹಾಗೇ ಇದೆ. ಇನ್ನೊಂದು ಮಾತು: ಸ್ಟೇನ್‌ಲೆಸ್ ಬೋಲ್ಟ್‌ಗೆ ಸ್ಟೇನ್‌ಲೆಸ್ ನಟ್ ಹಾಕಿ ಜೋರಾಗಿ ತಿರುಗಿಸಿದರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ನನಗೆ ಒಂದು ಹಾಗೇ ಆಯಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಕೊನೆಗೆ ಹ್ಯಾಕ್ಸಾದಲ್ಲಿ ಕೊಯ್ಯಬೇಕಾಯಿತು. ಥ್ರೆಡ್‌ಗೆ ಒಂದು ಹನಿ ಎಣ್ಣೆ ಹಾಕಿ ನಿಧಾನ ತಿರುಗಿಸಿದರೆ ಈ ಕಾಟ ಕಡಿಮೆ.

ನಾಲ್ಕನೆಯದು ಹೈ ಟೆನ್ಸೈಲ್ (ಹೆಚ್ಚು ಎಳೆತ ತಾಳುವ ಉಕ್ಕಿನ) ಅಲೆನ್ ಬೋಲ್ಟ್, ಕಪ್ಪು ಬಣ್ಣದ್ದು, 6-32 ಸೈಜ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನನಗೆ ನಿಜವಾಗಿ ಬೇಕಿದ್ದದ್ದು ಎಂ3.5. ನಾನು ಕೇಳಿದ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ, "ಮೂರು ಇದೆ ಸಾರ್, ನಾಲ್ಕು ಇದೆ, ನಡುವಿನದು ಬರಲ್ಲ." ಅಮೆರಿಕನ್ ಅಳತೆಯ 6-32 ಬೋಲ್ಟ್‌ನ ದಪ್ಪವೂ 3.5 ಎಂಎಂ. ಕಂಪ್ಯೂಟರ್ ಕ್ಯಾಬಿನೆಟ್ ಮುಚ್ಚುವ ದಪ್ಪ ಸ್ಕ್ರೂ ಇದೆಯಲ್ಲ, ಅದರ ಥ್ರೆಡ್ ಇದೇ. ಅದರ ಉದ್ದ ನಮಗೆ ಸಾಲುವುದಿಲ್ಲ ಅಷ್ಟೇ. 1 ಇಂಚು ಉದ್ದದ್ದನ್ನು ಹಾಬಿ ಸಾಮಾನು ಮಾರುವವರ ಹತ್ತಿರ ನಟ್ ಸಮೇತ ತರಿಸಿದೆ. ಎಂ3.5 ನಟ್ ಇದಕ್ಕೆ ಆಗುವುದಿಲ್ಲ, ನೆನಪಿರಲಿ. ಎಂ3.5ರಲ್ಲಿ ಥ್ರೆಡ್‌ನಿಂದ ಥ್ರೆಡ್‌ಗೆ 0.6 ಎಂಎಂ, 6-32ರಲ್ಲಿ ಸುಮಾರು 0.8. ಒಂದೆರಡು ಸುತ್ತು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ, ಬಲ ಹಾಕಿದರೆ ಎರಡೂ ಹಾಳು.

ಇದನ್ನು ಎರಡು ರೀತಿ ಹಾಕಿ ನೋಡಿದೆ. ಮೊದಲು ನಟ್ ಇಲ್ಲದೆ, ಮೌಂಟ್‌ನ ತೋಳಿಗೇ ಟ್ಯಾಪ್ ಹೊಡೆದು (ಥ್ರೆಡ್ ಕೊರೆದು), ಥ್ರೆಡ್ ಬಿಚ್ಚಿಕೊಳ್ಳದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಹಚ್ಚಿ. ಹದಿನೈದು ಹಾರಾಟದಲ್ಲಿ ಒಂದು ಗೆರೆ ಮಾತ್ರ ಸ್ವಲ್ಪ ಸರಿಯಿತು. ಪರವಾಗಿಲ್ಲ ಅನ್ನಿಸಿತು. ಆದರೆ ಬಿಚ್ಚಿದಾಗ ಲಾಕ್‌ಟೈಟ್ ಇನ್ನೂ ಹಸಿಯಾಗಿಯೇ ಇತ್ತು. ಅದು ಗಟ್ಟಿಯಾಗಲು ಗಾಳಿ ಇರಬಾರದು, ಎರಡೂ ಕಡೆ ಲೋಹ ತಾಗುತ್ತಿರಬೇಕು. ನೈಲಾನ್ ಥ್ರೆಡ್‌ನಲ್ಲಿ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಲ್ಯೂಮಿನಿಯಂ ಮೌಂಟ್ ಇದ್ದವರಿಗೆ ಇದೇ ದಾರಿ ಚೆನ್ನಾಗಿ ಒಪ್ಪುತ್ತದೆ, ಥ್ರೆಡ್‌ನ ಎಣ್ಣೆ ಪೂರ್ತಿ ಒರೆಸಿ ಹಚ್ಚಬೇಕು. ನೈಲಾನ್ ಮೌಂಟ್‌ಗೆ ಲಾಕ್‌ಟೈಟ್ ಸುಮ್ನೆ ದಂಡ.

ಆಮೇಲೆ ತೋಳಿನ ಮೇಲಿಂದ ಕೆಳಗಿನ ತನಕ ಪೂರ್ತಿ ತೂತು ಕೊರೆದು, ಅದೇ ಬೋಲ್ಟ್ ಇಳಿಸಿ, ಕೆಳಗೆ ಅಗಲದ ವಾಷರ್ ಮತ್ತು ನೈಲಾಕ್ ನಟ್ ಹಾಕಿದೆ. ಈಗ ನನ್ನ ವಿಮಾನದಲ್ಲಿ ಇರುವುದು ಇದೇ. ಮೂರು ಹಾರಾಟದ ನಂತರ ಒಂದು ಸಲ ಬಿಗಿ ಮಾಡಿದೆ, ಪ್ರತಿ ಬೋಲ್ಟೂ ಕಾಲು ಸುತ್ತು ಹೋಯಿತು. ಬೋಲ್ಟ್ ತಿರುಗಿರಲಿಲ್ಲ, ಗೆರೆ ಸರಿಯಾಗೇ ಇತ್ತು. ನೈಲಾನ್ ತೋಳು ಒತ್ತಡಕ್ಕೆ ಸ್ವಲ್ಪ ಅಮುಕಿಕೊಂಡಿತ್ತು. ಹೊಸ ಮೌಂಟ್‌ನಲ್ಲಿ ಇದು ಆಗಿಯೇ ಆಗುತ್ತದೆ. ಅದಕ್ಕೇ ಅಗಲದ ವಾಷರ್ ಬೇಕು, ಒತ್ತಡ ಹರಡುತ್ತದೆ. ಗೆರೆ ಹೊಸದಾಗಿ ಎಳೆದ ಮೇಲೆ ಮೂವತ್ತಕ್ಕೂ ಜಾಸ್ತಿ ಹಾರಾಟ ಆಗಿದೆ, ನಾಲ್ಕೂ ಗೆರೆ ಇದ್ದಲ್ಲೇ ಇವೆ. ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಮೊದಲೆಲ್ಲ ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ಆಗಾಗ ಲೀನ್ ಆಗಿ (ಇಂಧನ ಸಾಲದೆ) ನಿಲ್ಲುತ್ತಿತ್ತು, ನಾನು ಇಂಧನ ಹೊಂದಿಸುವ ನೀಡಲ್ ತಿರುಗಿಸಿ ತಿರುಗಿಸಿ ಸಾಕಾಗಿದ್ದೆ. ಇಂಜಿನ್ ಅಲುಗಿದರೆ ಟ್ಯಾಂಕ್ ನಡುಗುತ್ತದೆ, ಇಂಧನ ನೊರೆಯಾಗುತ್ತದೆ, ನೊರೆ ಕಾರ್ಬುರೇಟರ್‌ಗೆ ಹೋಗುತ್ತದೆ. ಬೋಲ್ಟ್ ಸರಿಯಾದ ಮೇಲೆ ಅದೂ ನಿಂತಿತು.

ಸ್ಪ್ರಿಂಗ್ ವಾಷರ್ ಬಗ್ಗೆ ಕೇಳುತ್ತೀರಿ. ಎರಡನೇ ಬಗೆಯಲ್ಲಿ ಎರಡು ಬೋಲ್ಟ್‌ಗೆ ಹಾಕಿ, ಎರಡಕ್ಕೆ ಹಾಕದೆ ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಕಿವಿಯ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದದ್ದೇ ಬಂತು.

ಕಿವಿಯ ತೂತನ್ನೇ 4 ಎಂಎಂಗೆ ಕೊರೆದು ಎಂ4 ಹಾಕಿದವರನ್ನು ನೋಡಿದ್ದೇನೆ. ಬೋಲ್ಟ್ ಸುಲಭವಾಗಿ ಸಿಗುತ್ತದೆ, ನಿಜ. ನಾನು ಮಾಡುವುದಿಲ್ಲ. ಡ್ರಿಲ್ ಸ್ವಲ್ಪ ವಾಲಿದರೂ ಸರಿಪಡಿಸಲು ಆಗುವುದಿಲ್ಲ, ಕಿವಿಯೂ ತೆಳ್ಳಗಾಗುತ್ತದೆ. ಇನ್ನು ಸೈಲೆನ್ಸರ್ ಬೋಲ್ಟ್‌ಗೆ ನೈಲಾಕ್ ಬೇಡ. ಅಲ್ಲಿನ ಬಿಸಿಗೆ ಒಳಗಿನ ನೈಲಾನ್ ಉಂಗುರ ಮೆತ್ತಗಾಗುತ್ತದೆ.

ನೀವೂ 6-32 ತರಿಸುವುದಾದರೆ 7/64 ಇಂಚಿನ ಅಲೆನ್ ಕೀಯನ್ನೂ ಜೊತೆಗೇ ತರಿಸಿಕೊಳ್ಳಿ. ನಮ್ಮ ಸೆಟ್‌ನ 2.5 ಎಂಎಂ ಕೀ ಅದರಲ್ಲಿ ಲೂಸ್, 3 ಎಂಎಂ ಹೋಗುವುದಿಲ್ಲ. ಲೂಸ್ ಕೀಯಲ್ಲೇ ಬಿಗಿ ಮಾಡಿ ಒಂದು ಹೊಸ ಬೋಲ್ಟ್‌ನ ತಲೆಯನ್ನು ಮೊದಲ ದಿನವೇ ಹಾಳು ಮಾಡಿಕೊಂಡೆ. ಪ್ಯಾಕೆಟ್‌ನಲ್ಲಿ ನಾಲ್ಕೇ ಇದ್ದವು, ಇನ್ನೊಂದು ಪ್ಯಾಕೆಟ್ ಬರುವ ತನಕ ಎರಡು ಭಾನುವಾರ ವಿಮಾನ ಮನೆಯಲ್ಲೇ ಇತ್ತು.