ಟ್ರ್ಯಾಕ್ ಟೈರ್ ಹಾಕಿಸುವ ಮುಂಚೆ ಓದಿ: ‘ಫ್ರೆಶ್ ಸ್ಟಾಕ್’ ಅಂತ ನನಗೆ ಕೊಟ್ಟಿದ್ದು ಆರೂವರೆ ವರ್ಷ ಹಳೆಯ ಟೈರು

ಬರೆಯಲೋ ಬೇಡವೋ ಅಂತ ಇಷ್ಟು ದಿನ ಸುಮ್ಮನಿದ್ದೆ. ನಾಚಿಕೆ ಆಗುತ್ತಿತ್ತು. ಆಫೀಸಿನಲ್ಲಿ ಯಾರಿಗೇ ಟೈರ್ ಬದಲಾಯಿಸಬೇಕಾದರೂ ಮೊದಲು ನನ್ನನ್ನೇ ಕೇಳುತ್ತಾರೆ. ಅಂಥವನು ಟೈರಿನಲ್ಲೇ ಮೋಸ ಹೋದೆ ಅಂತ ಹೇಳಿಕೊಳ್ಳೋದು ಸುಲಭ ಅಲ್ಲ. ಆದರೆ ಮೊನ್ನೆ ಅದೇ ಅಂಗಡಿಯವನ ಹೊಸ ವಿಡಿಯೋ ನೋಡಿದೆ. ಅದೇ ಟೈರು. ಅದೇ ಮಾತು. "ಫ್ರೆಶ್ ಸ್ಟಾಕ್". ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿ ಹೆಸರು ಹಾಕುವುದಿಲ್ಲ, ವಕೀಲರು ಈಗ ಬೇಡ ಅಂದಿದ್ದಾರೆ. ಟೈರಿನ ಕಂಪನಿ ಹೆಸರೂ ಹಾಕುವುದಿಲ್ಲ, ಯಾಕೆಂದರೆ ಅವರ ತಪ್ಪೇನೂ ಇಲ್ಲ.

ಕಾರು 2014ರ ಪೋರ್ಷೆ ಕೇಮನ್, 2.7 ಲೀಟರ್, ಸೆಕೆಂಡ್ ಹ್ಯಾಂಡ್. ಎಷ್ಟೋ ವರ್ಷ ಕಾದು ತೆಗೆದುಕೊಂಡ ಕಾರು. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ, ವರ್ಷಕ್ಕೆ ಒಂದೆರಡು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇ. ಉಳಿದಂತೆ ಬೆಂಗಳೂರಿನ ರಸ್ತೆಯೇ. ಮಳೆ, ಗುಂಡಿ, ಹಂಪು, ಎಲ್ಲ. ಅದರಲ್ಲಿದ್ದ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರುಗಳು ಸವೆದಿದ್ದವು. 2024ರ ಫೆಬ್ರವರಿಯಲ್ಲಿ ಅದೇ ಬೇಕು ಅಂತ ಕೇಳಿದೆ. ಮುಂದಿನ ಚಕ್ರದ ಸೈಜು 235/40 ಆರ್19 ಇದೆ, ಹಿಂದಿನ ಚಕ್ರದ 265/40 ಆರ್19 ಬರಲು ಎರಡು ತಿಂಗಳಾದರೂ ಬೇಕು ಅಂದರು. ಈ ಸೈಜಿನ ಟೈರು ಹುಡುಕಿದವರಿಗೆ ಇದು ಗೊತ್ತಿರುವ ಕಥೆಯೇ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಕಾರ್ ಟೈರುಗಳ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ಸ್ಪೋರ್ಟ್ಸ್ ಕಾರಿನವರು ಟೈರಿಗಾಗಿ ಅಲೆಯುವುದು ಜಾಸ್ತಿಯೇ ಆಗಿದೆ. ಈ ಅಂಗಡಿಯವನಂಥವರಿಗೆ ಬೇಕಾಗಿರುವುದೂ ಇದೇ.

ಟ್ರ್ಯಾಕಿನಲ್ಲಿ ಪರಿಚಯವಾದ ಒಬ್ಬರು ಈ ಅಂಗಡಿ ಹೇಳಿದರು. ಹೋದೆ. ಅಂಗಡಿಯವನು ಚೆನ್ನಾಗಿ ಮಾತಾಡಿದ, ಕಾರಿನ ಬಗ್ಗೆ ನನಗಿಂತ ಜಾಸ್ತಿ ಗೊತ್ತಿರುವವನ ಹಾಗೆ. ಟ್ರ್ಯಾಕಿಗೂ ಹೋಗುತ್ತೇನೆ ಅಂತ ನಾನು ಬಾಯಿ ಬಿಟ್ಟಿದ್ದೇ ತಡ, ಸೆಮಿ ಸ್ಲಿಕ್, ಅಂದರೆ ಗೆರೆ ಕಡಿಮೆ ಇರುವ ಟ್ರ್ಯಾಕ್ ಟೈರು, ತಂದು ಮುಂದಿಟ್ಟ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ ಅಲ್ವಾ. ಭುಜದ ಕಡೆ ಪೂರ್ತಿ ನುಣುಪು, ನಡುವೆ ನಾಲ್ಕು ಗೆರೆ ಮಾತ್ರ.

ನಾನು ಕೇಳಿದ್ದು ಎರಡೇ ಪ್ರಶ್ನೆ. ಎರಡೂ ಸರಿಯಾದ ಪ್ರಶ್ನೆಗಳೇ, ಅದಕ್ಕೇ ಇನ್ನೂ ಹೊಟ್ಟೆ ಉರಿಯುತ್ತದೆ.

ಮಳೆಯಲ್ಲಿ ಹೇಗೆ ಅಂತ ಕೇಳಿದೆ. "ಸ್ಟ್ರೀಟ್ ಲೀಗಲ್ ಸರ್ ಇದು. ರೋಡಿಗೂ ಓಕೆ, ಟ್ರ್ಯಾಕಿಗೂ ಓಕೆ. ಒಂದೇ ಸೆಟ್ಟಲ್ಲಿ ಎರಡೂ ಕೆಲಸ ಆಗುತ್ತೆ. ಅಷ್ಟಕ್ಕೂ ಮಳೆ ಎಲ್ಲಿದೆ ಸರ್ ಬೆಂಗಳೂರಲ್ಲಿ?" ಅಂದ. ಆ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್ ಬತ್ತಿ ಇಡೀ ಊರು ಟ್ಯಾಂಕರ್ ಹಿಂದೆ ಓಡುತ್ತಿತ್ತು. ನಿಜ ಅನ್ನಿಸಿತು.

ಎಷ್ಟು ಹಳೆಯದು ಅಂತ ಕೇಳಿದೆ. "ಫ್ರೆಶ್ ಸ್ಟಾಕ್ ಸರ್. ಕಂಟೇನರ್ ಬಂದು ಇನ್ನೂ ಇಪ್ಪತ್ತು ದಿನ ಆಗಿಲ್ಲ." ಯಾವ ಲೈಸೆನ್ಸ್ ಮೇಲೆ ಬಂದ ಕಂಟೇನರ್ ಅಂತ ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

4 ಟೈರಿಗೆ 1,48,000 ರೂಪಾಯಿ. ಬಿಲ್ ಬೇಕು ಅಂದರೆ ಅದರ ಮೇಲೆ 28% ಜಿಎಸ್‌ಟಿ ಅಂದ. ಬೇಡ ಅಂದೆ. ಒಂದು ಮೊಬೈಲ್ ನಂಬರಿಗೆ ಯುಪಿಐ ಮಾಡಿದೆ, ಅಂಗಡಿ ಹೆಸರಿನ ಖಾತೆ ಕೂಡ ಅಲ್ಲ. ಒಂದು ಚೀಟಿಯಲ್ಲಿ "ಟೈರ್ 4" ಅಂತ ಬರೆದು ಕೊಟ್ಟ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನೀವು ಈ ತಪ್ಪು ಮಾಡಬೇಡಿ, ಎಷ್ಟೇ ಉಳಿಯುತ್ತದೆ ಅಂದರೂ ಮಾಡಬೇಡಿ.

ಅವನ ಹುಡುಗರು ಟೈರು ಕೂರಿಸುವಾಗ ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಆ ಕಾಫಿ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಮಾರ್ಚ್ ಪೂರ್ತಿ, ಏಪ್ರಿಲ್ ಪೂರ್ತಿ ಕಾರು ಚೆನ್ನಾಗಿಯೇ ಓಡಿತು. ನಮ್ಮ ಏರಿಯಾದಲ್ಲಿ ಏಪ್ರಿಲ್‌ನಲ್ಲಿ ಒಂದು ಹನಿ ಬೀಳಲಿಲ್ಲ. ಕಾಂಕ್ರೀಟ್ ರಸ್ತೆಯಲ್ಲಿ ಸದ್ದು ವಿಪರೀತ. ಬಿಸಿಯಾದ ಟೈರಿಗೆ ಜಲ್ಲಿ ಅಂಟಿಕೊಂಡು ಚಕ್ರದ ಗೂಡಿಗೆ ಪಟಪಟ ಬಡಿಯುತ್ತಿತ್ತು. ಬೆಳಗಿನ ತಂಪಿನಲ್ಲಿ ಮೊದಲ ಹತ್ತು ಕಿಲೋಮೀಟರ್ ಹಿಡಿತ ಕಡಿಮೆ ಅನ್ನಿಸುತ್ತಿತ್ತು. ಟ್ರ್ಯಾಕ್ ಟೈರಿನ ಗುಣವೇ ಹೀಗೆ ಅಂತ ಸುಮ್ಮನಾದೆ. ಅದು ಅರ್ಧ ನಿಜವೂ ಹೌದು. ಈ ರಬ್ಬರ್ ಸರಿಯಾಗಿ ಅಂಟಬೇಕಾದರೆ ಅದು ಚೆನ್ನಾಗಿ ಕಾಯಬೇಕು, ಹೆಚ್ಚುಕಮ್ಮಿ 70, 80 ಡಿಗ್ರಿಗೆ. ಟ್ರ್ಯಾಕಿನಲ್ಲಿ ಎರಡು ಸುತ್ತಿಗೆ ಕಾಯುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಯಾವತ್ತೂ ಕಾಯುವುದಿಲ್ಲ. ಮೇಲಾಗಿ, ಪ್ರತಿ ಸಲ ಕಾದು ತಣ್ಣಗಾದಾಗ ರಬ್ಬರ್ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ. ವಯಸ್ಸಾದರೂ ಅಷ್ಟೇ, ಸುಮ್ನೆ ಗೋದಾಮಿನಲ್ಲಿ ಬಿದ್ದಿದ್ದರೂ ಗಟ್ಟಿಯಾಗುತ್ತದೆ.

ಮೇ ತಿಂಗಳ ಎರಡನೇ ವಾರ. ಕನಕಪುರ ರಸ್ತೆಯಲ್ಲಿ ನೆಂಟರ ಮನೆಯ ನಾಮಕರಣ ಮುಗಿಸಿ ನಾನು, ನನ್ನ ಹೆಂಡತಿ ಸಂಜೆ ವಾಪಸ್ ಹೊರಟೆವು. ನೈಸ್ ರಸ್ತೆ ಹತ್ತಿದ ಮೇಲೆ ಮಳೆ ಶುರುವಾಯಿತು. ಜೋರು ಮಳೆ, ಆದರೆ ಬೆಂಗಳೂರಿಗೆ ಹೊಸತಲ್ಲ. ನಿಧಾನವೇ ಮಾಡಿದೆ. 70ರ ಒಳಗೇ ಇದ್ದೆ, ಪಕ್ಕದಲ್ಲಿ ಒಂದು ಹಳೆಯ ಇಂಡಿಕಾ ನನ್ನನ್ನು ದಾಟಿ ಹೋಯಿತು. ಎಡಗಡೆ ಲೇನಿನಲ್ಲಿ ನೀರು ನಿಂತಿತ್ತು, ಉದ್ದಕ್ಕೆ, ಒಂದು ಬಸ್ಸಿನಷ್ಟು. ಅದರ ಮೇಲೆ ಹೋದ ತಕ್ಷಣ ಸ್ಟೀರಿಂಗ್ ಹಗುರವಾಯಿತು. ಹೇಗೆ ಹೇಳಲಿ, ಕೈಯಲ್ಲಿ ಏನೂ ಇಲ್ಲದ ಹಾಗೆ. ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತಿದೆ. ನೀರು ಮುಗಿದು ಮುಂದಿನ ಚಕ್ರ ಥಟ್ಟನೆ ನೆಲ ಹಿಡಿಯಿತು, ಹಿಂದಿನದು ಇನ್ನೂ ನೀರಿನ ಮೇಲೇ ಇತ್ತು. ಕಾರು ಗಿರ್ರನೆ ತಿರುಗಿ, ಹಿಂಭಾಗ ಹೋಗಿ ಬದಿಯ ಕಬ್ಬಿಣದ ತಡೆಗೆ ಬಡಿಯಿತು.

ಎಂಜಿನ್ ಆಫ್ ಆಗಿತ್ತು. ವೈಪರ್ ಮಾತ್ರ ಓಡುತ್ತಿತ್ತು. ಅವಳ ಕಾಲ ಹತ್ತಿರ ಇಟ್ಟಿದ್ದ ತಾಂಬೂಲದ ಚೀಲದಿಂದ ತೆಂಗಿನಕಾಯಿ ಹೊರಬಂದು ಅತ್ತಿಂದಿತ್ತ ಉರುಳುತ್ತಿತ್ತು, ಕಾರು ನಿಂತ ಮೇಲೂ ಒಂದು ಸಲ ಉರುಳಿತು. ನಾವು ನಿಂತಿದ್ದು ಬರುವ ಗಾಡಿಗಳಿಗೆ ಮುಖ ಮಾಡಿ. ಒಂದು ಲಾರಿ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹೋಯಿತು. ಇಬ್ಬರಿಗೂ ಏನೂ ಆಗಲಿಲ್ಲ. ಮನೆ ತಲುಪುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಮಳೆ ಬಂದರೆ ಆ ಕಾರಿನಲ್ಲಿ ಕೂರುವುದಿಲ್ಲ.

ಮಾರನೇ ದಿನ ಅಂಗಡಿಯವನಿಗೆ ಫೋನ್ ಮಾಡಿದೆ. ಆಗ ನನಗಿನ್ನೂ ಟೈರಿನ ವಯಸ್ಸು ಗೊತ್ತಿರಲಿಲ್ಲ. ಸುಮ್ನೆ ಹೀಗಾಯಿತು ಅಂತ ಹೇಳಿದೆ. ಅವನ ಮೊದಲ ಮಾತು: "ಅಯ್ಯೋ ಸರ್, ಈ ಟೈರ್ ಹಾಕ್ಕೊಂಡು ಮಳೇಲಿ ಯಾರ್ ಸರ್ ಹೋಗ್ತಾರೆ?"

ಇದೇ ಮನುಷ್ಯ. ರೋಡಿಗೂ ಓಕೆ, ಟ್ರ್ಯಾಕಿಗೂ ಓಕೆ ಅಂದವನು. ಮಳೆ ಎಲ್ಲಿದೆ ಅಂದವನು. ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. "ನೀವೇ ಹೇಳಿದ್ರಲ್ಲ" ಅಂದೆ. "ಲೀಗಲ್ ಅಂದೆ ಸರ್, ಮಳೆಗೆ ಒಳ್ಳೇದು ಅಂದ್ನಾ?" ಅಂದ.

ನಾಲ್ಕು ದಿನ ಬಿಟ್ಟು ಗ್ಯಾರೇಜಿನವರು ಕಾರು ಮೇಲೆತ್ತಿದಾಗ ಕರೆದರು. ಟೈರು ತಯಾರಾದ ವಾರ, ವರ್ಷ ಬರೆದಿರುವ 4 ಅಂಕಿ ಟೈರಿನ ಒಂದೇ ಬದಿಗೆ ಇರುವುದು ಜಾಸ್ತಿ. ನನ್ನ ಕಾರಿನಲ್ಲಿ ನಾಲ್ಕೂ ಟೈರಿನ ಆ ಬದಿ ಒಳಗಡೆ ಇತ್ತು. ಹೊರಗಿಂದ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ. ಲಿಫ್ಟ್ ಕೆಳಗೆ ನಿಂತು ಮೊಬೈಲ್ ಟಾರ್ಚ್ ಹಿಡಿದು ಹೆಬ್ಬೆರಳಿನಿಂದ ಕೆಸರು ಒರೆಸಿದೆ. ಮುಂದಿನ ಎಡ ಟೈರು: 3117. ಇನ್ನೊಂದು ಸಲ ಒರೆಸಿದೆ. 3117. ಅಂದರೆ 2017ರ 31ನೇ ವಾರ. ನಾನು ಈ ಕಾರು ತೆಗೆದುಕೊಳ್ಳುವುದಕ್ಕಿಂತ ಮುಂಚೆ ತಯಾರಾದ ಟೈರು. ಮುಂದಿನ ಬಲದ್ದೂ ಅದೇ. ಹಿಂದಿನ ಎರಡು 0819. ಒಂದೇ ಸೆಟ್ ಕೂಡ ಅಲ್ಲ! ಐಎಸ್‌ಐ ಗುರುತು ಎಲ್ಲೂ ಇರಲಿಲ್ಲ. ನಮ್ಮಲ್ಲಿ ಮಾರುವ ಕಾರ್ ಟೈರಿಗೆ ಅದು ಕಡ್ಡಾಯ, ಆಮದಾದರೂ ಕಡ್ಡಾಯ. ಉಗುರಿನಿಂದ ಒತ್ತಿ ನೋಡಿದೆ. ಸೆಮಿ ಸ್ಲಿಕ್ ಅಂದರೆ ಉಗುರು ಸ್ವಲ್ಪವಾದರೂ ಇಳಿಯಬೇಕು. ಹಲಗೆಯ ಹಾಗಿತ್ತು. ಗೆರೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿದ್ದರು. "ಸಾರ್, ತಗೊಳ್ಳುವಾಗ ನೋಡಿಲ್ವಾ?" ಅಂದರು. ಬೈದು ಹೇಳಿದ್ದಲ್ಲ, ಮೆತ್ತಗೆ ಕೇಳಿದ್ದು. ನೈಸ್ ರಸ್ತೆಯಲ್ಲಿ ಕಾರು ತಿರುಗಿದಾಗ ಹೆದರಿಕೆ ಆಗಿತ್ತು. ಇಲ್ಲಿ ಆಗಿದ್ದು ಅವಮಾನ.

ಫೋಟೋ ತೆಗೆದು ಅವನಿಗೆ ಕಳಿಸಿದೆ. ಎರಡು ಗಂಟೆ ಆದ ಮೇಲೆ ವಾಯ್ಸ್ ಮೆಸೇಜ್ ಬಂತು. ಅದನ್ನು ಎಷ್ಟು ಸಲ ಕೇಳಿದ್ದೇನೋ, ಬಾಯಿಪಾಠ ಆಗಿದೆ: "ಫ್ರೆಶ್ ಸ್ಟಾಕ್ ಅಂದ್ರೆ ನಮ್ಗೆ ಫ್ರೆಶ್ ಆಗಿ ಬಂದ ಸ್ಟಾಕ್ ಸರ್. ಮ್ಯಾನುಫ್ಯಾಕ್ಚರಿಂಗ್ ಡೇಟ್ ನೀವು ಕೇಳ್ಲೇ ಇಲ್ಲ."

ಎಷ್ಟು ಹಳೆಯದು ಅಂತ ಕೇಳಿದ್ದೆ. ಅದಕ್ಕಿಂತ ಬೇರೆ ಹೇಗೆ ಕೇಳಬೇಕು? ನೀವೇ ಹೇಳಿ, ಇನ್ಯಾವ ರೀತಿಯಲ್ಲಿ ಕೇಳಬೇಕಿತ್ತು?

ಆಮೇಲೆ ಒಂದಾದ ಮೇಲೊಂದು ಬಂದವು. ಎಸಿ ಗೋದಾಮಿನಲ್ಲಿಟ್ಟ ಟೈರಿಗೆ ವಯಸ್ಸಿಲ್ಲ ಸರ್. ನೀವೇ ಟ್ರ್ಯಾಕ್ ಟೈರ್ ಬೇಕು ಅಂದಿದ್ದು ಸರ್. ಗೆರೆ ಇನ್ನೂ 5 ಎಂಎಂ ಇದೆ, ಕಾನೂನಲ್ಲಿ 1.6 ಸಾಕು ಸರ್. ಟೈರ್ ತಪ್ಪಲ್ಲ ಸರ್, ಡ್ರೈವಿಂಗ್ ನೋಡ್ಕೊಳ್ಳಿ. ಈ ಕೊನೆಯದನ್ನು ನನ್ನ ಹೆಂಡತಿ ಪಕ್ಕದಲ್ಲಿದ್ದಾಗಲೇ ಸ್ಪೀಕರಿನಲ್ಲಿ ಕೇಳಿದೆ. ಅವಳು ಎದ್ದು ಒಳಗೆ ಹೋದಳು.

1.6 ಎಂಎಂ ಅಂದನಲ್ಲ, ಅದು ನಿಜ. ಕಾನೂನಿನ ಪ್ರಕಾರ ಅಷ್ಟಿದ್ದರೆ ಸಾಕು. ಮೋಸ ಇರುವುದು ಅಲ್ಲೇ. ನೀರನ್ನು ಹೊರಗೆ ತಳ್ಳಲು ಆಳ ಒಂದಿದ್ದರೆ ಸಾಲದು, ಗೆರೆ ಎಷ್ಟಿವೆ, ಎಷ್ಟು ಅಗಲ ಇವೆ ಅನ್ನುವುದು ಮುಖ್ಯ. ಟ್ರ್ಯಾಕ್ ಟೈರಿನಲ್ಲಿ ಗೆರೆ ಕಡಿಮೆ ಇರುವುದೇ ಒಣ ನೆಲಕ್ಕೆ ಜಾಸ್ತಿ ರಬ್ಬರ್ ತಾಗಲಿ ಅಂತ. ಅದಕ್ಕೆ 265 ಎಂಎಂ ಅಗಲ, ಹಗುರ ಕಾರು, ಗಟ್ಟಿಯಾದ ರಬ್ಬರ್ ಎಲ್ಲ ಸೇರಿದರೆ ನಿಂತ ನೀರಿನ ಮೇಲೆ ಅದು ದೋಣಿಯೇ. ಸ್ಟ್ರೀಟ್ ಲೀಗಲ್ ಅಂದರೆ ರಸ್ತೆಗೆ ಇಳಿಸಿದರೆ ಪೊಲೀಸರು ಹಿಡಿಯುವುದಿಲ್ಲ ಅಂತ ಅಷ್ಟೇ. ಮಳೆಯಲ್ಲಿ ನಿಲ್ಲುತ್ತದೆ ಅಂತ ಅಲ್ಲ.

ಹಳೆಯದಲ್ಲದೆ ನಿಜವಾಗಿಯೂ ಹೊಸ ಸೆಮಿ ಸ್ಲಿಕ್ ಆಗಿದ್ದರೂ ಬೆಂಗಳೂರಿನ ಮಳೆಗೆ ನಾನು ಅದನ್ನು ಹಾಕಬಾರದಿತ್ತು. ಇದನ್ನೂ ಹೇಳಬೇಕು. ಟೈರಿನ ಮೇಲೆ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಜಾಸ್ತಿ ಇದ್ದಷ್ಟೂ ಟೈರು ನಿಧಾನವಾಗಿ ಸವೆಯುತ್ತದೆ ಅಂತ. ನನ್ನ ಹಳೆಯ 4ಎಸ್‌ನಲ್ಲಿ 300 ಇತ್ತು, ಇದರಲ್ಲಿ 100. ಕಂಪನಿಗಳು ಆ ಸಂಖ್ಯೆಯನ್ನು ತಾವೇ ಕೊಟ್ಟುಕೊಳ್ಳುತ್ತವೆ, ಹಾಗಾಗಿ ಒಂದು ಕಂಪನಿಯದನ್ನು ಇನ್ನೊಂದರ ಜೊತೆ ತೂಗುವುದು ಕಷ್ಟ. ಆದರೂ 200 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಟ್ರ್ಯಾಕಿನ ಕಡೆ ವಾಲಿದ ಟೈರು ಅಂತ ತಿಳಿಯಿರಿ. ದಿನಾ ಓಡಿಸುವ ಕಾರಿಗೆ ಪೈಲಟ್ ಸ್ಪೋರ್ಟ್ 4ಎಸ್, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಇಂಥದ್ದೇ ಸರಿ. ಎರಡು ತಿಂಗಳು ಕಾಯಬೇಕಾದರೆ ಕಾಯಿರಿ. ಟ್ರ್ಯಾಕಿನ ಹುಚ್ಚು ಅಷ್ಟಿದ್ದರೆ ಬೇರೆ ಚಕ್ರದ ಸೆಟ್ ಇಟ್ಟುಕೊಳ್ಳಿ, ಅಲ್ಲಿ ಹೋಗಿ ಬದಲಾಯಿಸಿ. ಟೈರು ಕೂರಿಸುವ ಮುಂಚೆ, ನೆಲದ ಮೇಲೆ ಮಲಗಿಸಿದಾಗಲೇ, ಎರಡೂ ಬದಿ ತಿರುಗಿಸಿ 4 ಅಂಕಿ ಓದಿ, ನಾಲ್ಕರದ್ದೂ ಫೋಟೋ ತೆಗೆಯಿರಿ. ಕಾಫಿಗೆ ಒಳಗೆ ಕರೆದರೆ ಹೋಗಬೇಡಿ.

ಇನ್ಶೂರೆನ್ಸ್‌ನಲ್ಲಿ ಹಿಂಭಾಗದ ರಿಪೇರಿಗೆ ಹಣ ಬಂತು, ನನ್ನ ಪುಣ್ಯ. ಟೈರಿಗೆ ಬಿಲ್ ಕೇಳಿದರು. "ಟೈರ್ 4" ಚೀಟಿ ತೋರಿಸಿದೆ. ಸರ್ವೇಯರ್ ಅದನ್ನು ನೋಡಿ ವಾಪಸ್ ಕೊಟ್ಟರು, ಏನೂ ಹೇಳಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಂಗಡಿಯವನು ಅದಕ್ಕೆ ಕೊಟ್ಟ ಉತ್ತರ, ಈ ಗ್ರಾಹಕ ನಮ್ಮಲ್ಲಿ ಏನೂ ಖರೀದಿಸಿಲ್ಲ, ಬಿಲ್ ಇದ್ದರೆ ತೋರಿಸಲಿ ಅಂತ. ಯುಪಿಐ ದಾಖಲೆ, ವಾಯ್ಸ್ ಮೆಸೇಜ್ ಎಲ್ಲ ವಕೀಲರಿಗೆ ಕೊಟ್ಟಿದ್ದೇನೆ. ಗ್ರಾಹಕ ಆಯೋಗಕ್ಕೆ ಹೋಗುತ್ತಿದ್ದೇವೆ.

ಇನ್ನೊಂದು ಮಾತು. ದೂರು ಕೊಟ್ಟ ವಾರ ಅವನೇ ಮತ್ತೆ ಫೋನ್ ಮಾಡಿದ, ಬೇರೆ ನಂಬರಿನಿಂದ. "ಗಲಾಟೆ ಯಾಕೆ ಸರ್, ನಾಲ್ಕೂ ವಾಪಸ್ ತಂದ್ಕೊಡಿ, 30,000 ಕೊಡ್ತೀನಿ." ಯಾಕೆ ಬೇಕು ನಿನಗೆ ಈ ಟೈರು ಅಂತ ಕೇಳಿದೆ. "ಯಾರಾದ್ರೂ ತಗೋತಾರೆ ಸರ್" ಅಂದ. ಇಷ್ಟು ಸಲೀಸಾಗಿ.

ಅವತ್ತೇ ಗ್ಯಾರೇಜಿಗೆ ಹೋಗಿ ನಾಲ್ಕೂ ಟೈರಿನ ಸೈಡ್‌ವಾಲಿಗೆ ಡ್ರಿಲ್ ಹಾಕಿಸಿದೆ, ಒಂದೊಂದಕ್ಕೆ ಮೂರು ತೂತು. 3117, 3117, 0819, 0819, ಅಂಕಿಗಳನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಕೇಸಿಗೆ ಬೇಕಲ್ಲ. ಈಗ ನಮ್ಮ ಪಾರ್ಕಿಂಗ್ ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದೇನೆ.