ಬಂದೂಕಿನ ಗುಂಡು ಆನ್‌ಲೈನ್‌ನಲ್ಲಿ ತರಿಸೋದು: ಟೆಕ್ಸಾಸ್‌ಗೂ ಕ್ಯಾಲಿಫೋರ್ನಿಯಾಗೂ ಏನು ವ್ಯತ್ಯಾಸ?

ಬಂದೂಕಿನ ವಿಷಯದಲ್ಲಿ ಎರಡೂ ಕಡೆ ಒಂದೇ ಕಥೆ. 1968ರ ಫೆಡರಲ್ (ಇಡೀ ಅಮೆರಿಕಕ್ಕೆ ಅನ್ವಯಿಸುವ) ಕಾಯ್ದೆ ಪ್ರಕಾರ ಬೇರೆ ರಾಜ್ಯದ ಅಂಗಡಿ ಅದನ್ನು ನೇರ ಮನೆಗೆ ಕಳಿಸುವಂತಿಲ್ಲ, ನಿಮ್ಮೂರಿನ ಲೈಸೆನ್ಸ್ ಡೀಲರ್‌ಗೇ ಕಳಿಸಬೇಕು. ನಿಜವಾದ ವ್ಯತ್ಯಾಸ ಇರೋದು ಗುಂಡಿನಲ್ಲಿ.

ಟೆಕ್ಸಾಸ್‌ನಲ್ಲಿ ಗುಂಡಿನ ಡಬ್ಬ ಮನೆ ಬಾಗಿಲಿಗೇ ಬರುತ್ತದೆ. ವಯಸ್ಸು ಮಾತ್ರ ಕೇಳುತ್ತಾರೆ: ರೈಫಲ್ ಗುಂಡಿಗೆ 18, ಪಿಸ್ತೂಲಿನದಕ್ಕೆ 21.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಗುಂಡೂ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಕೈ ಸೇರಬೇಕು. 2019ರಲ್ಲಿ ಹಿನ್ನೆಲೆ ತಪಾಸಣೆಯೂ ಸೇರಿತು, ಅದರ ಮೇಲೆ ಕೋರ್ಟಿನಲ್ಲಿ ಜಗ್ಗಾಟ ನಡೆದೇ ಇದೆ. 10ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜೀನ್ ಮಾರುವಂತೆಯೇ ಇಲ್ಲ. ಈ ತಲೆನೋವೇ ಬೇಡ ಅಂತ ಕೆಲವು ಆನ್‌ಲೈನ್ ಅಂಗಡಿಗಳು ಅಲ್ಲಿನ ಜಿಪ್ ಕೋಡ್ ಕಂಡರೆ ಸಾಕು, ಆರ್ಡರೇ ತಗೊಳ್ಳಲ್ಲ. ಕಾನೂನು ಬಿಟ್ಟರೂ ಅಂಗಡಿ ಬಿಡಲ್ಲ!

ಇಲಿನಾಯ್ ಇವೆರಡರ ನಡುವೆ: ಬಂದೂಕು ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಗುರುತಿನ ಚೀಟಿಯ (ಫಾಯ್ಡ್ ಕಾರ್ಡ್) ಪ್ರತಿ ಕಳಿಸಿದರೆ ಮನೆಗೇ ಬರುತ್ತದೆ.

ಟೆಕ್ಸಾಸ್‌ನಲ್ಲಿದ್ದರೆ ಒಟ್ಟಿಗೆ ಜಾಸ್ತಿ ತರಿಸಿ, ಸಾಗಣೆ ಖರ್ಚು ಹಂಚಿಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಡೀಲರ್ ಶುಲ್ಕವೂ ಸೇರುವುದರಿಂದ ಸಣ್ಣ ಆರ್ಡರಿಗೆ ಹತ್ತಿರದ ಅಂಗಡಿಯೇ ವಾಸಿ. ಎಚ್-1ಬಿ ವೀಸಾದಲ್ಲಿ ಇರುವವರು ಮಾತ್ರ ಯಾವ ರಾಜ್ಯದಲ್ಲೇ ಆಗಲಿ ಮೊದಲು ವಕೀಲರನ್ನು ಕೇಳಿ. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ ಗುಂಡು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ.